ಪಾಸ್‌ವರ್ಡಿಗೆ ಮೊದಲು ಬರುವ ಮುಖ

ಅಕ್ಕಾ,

ಹಾಗೆ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ನೀವು ತೀರಿಕೊಂಡು ನಾಲ್ಕು ವರ್ಷದ ಮೇಲೆ ಇವರ ಎರಡನೇ ಹೆಂಡತಿಯಾಗಿ ಈ ಮನೆಗೆ ಬಂದವಳು ನಾನು. ಇವರು ನಕ್ಷೆ ಬರೆಯುವ ಕಂಪ್ಯೂಟರ್ ಹಾಕಿದರೆ ಸಾಕು, ಪಾಸ್‌ವರ್ಡ್ ಕೇಳುವ ಪರದೆಯ ತುಂಬ ನೀವೇ ನಗುತ್ತಿದ್ದಿರಿ.

ಇವತ್ತು ಇವರು ಅದನ್ನು ತೆರೆದಿಟ್ಟು ಸ್ನಾನಕ್ಕೆ ಹೋದಾಗ, ನಿಮ್ಮ ಚಿತ್ರ ತೆಗೆದು ಒಂದು ಬೆಟ್ಟದ ಚಿತ್ರ ಹಾಕಿದೆ. ನನ್ನದನ್ನು ಹಾಕಲಿಲ್ಲ. ಅದನ್ನೇ ದೊಡ್ಡತನವೆಂದುಕೊಂಡೆ.

ಅಷ್ಟರಲ್ಲಿ ಪರದೆ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಬಂದು ಕೂತವರು ಮೂರು ಸಲ ತಪ್ಪು ಒತ್ತಿದರು.

"ಏನಾಯ್ತು?" ಎಂದೆ.

"ಪಾಸ್‌ವರ್ಡೇ ನೆನಪಾಗ್ತಿಲ್ಲ ಕಣೇ. ಅವಳ ಮುಖ ಕಂಡ್ರೆ ಬೆರಳು ತಾನಾಗೇ ಓಡ್ತಿತ್ತು. ಈ ಬೆಟ್ಟ ನೋಡಿದ್ರೆ ಬರೀ ಕಾಲು ನೋಯುತ್ತೆ."

ಸಿಟ್ಟು ಮಾಡಿದ್ದರೆ ಜಗಳವಾಡುತ್ತಿದ್ದೆ. ಮಧ್ಯಾಹ್ನದೊಳಗೆ ನಕ್ಷೆ ಕಳಿಸಬೇಕಿತ್ತು. ಇವರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಬೀರುವಿನಲ್ಲಿ ಕಂಬಳಿಗಳ ಕೆಳಗೆ ನಾನೇ ಬಚ್ಚಿಟ್ಟಿದ್ದ ನಿಮ್ಮ ಫೋಟೋ ತಂದು ಪರದೆಯ ಪಕ್ಕದಲ್ಲಿ ನಿಲ್ಲಿಸಿದೆ. ಇವರು ಅದನ್ನೇ ನೋಡುತ್ತ ಒತ್ತಿದರು. ಒಂದೇ ಸಲಕ್ಕೆ ತೆರೆದುಕೊಂಡಿತು.

ಪಾಸ್‌ವರ್ಡ್ ಏನೆಂದು ನಾನು ಕೇಳಲಿಲ್ಲ. ನಿಮ್ಮ ಫೋಟೋವನ್ನು ಮತ್ತೆ ಕಂಬಳಿಗಳ ಕೆಳಗೆ ಇಡಲೂ ಇಲ್ಲ.