ಹಸಿರು ಖಣ

ಮುಂಡಗೋಡ ತಾಲೂಕು
೧೨-೧೨-೨೦೦೧

ಚಿ. ಸೌ. ಶಿವವ್ವಳಿಗೆ ನಿನ್ನ ಅಡಿವೆಯ್ಯ ಕಾಕಾ ಮಾಡುವ ಆಶೀರ್ವಾದಗಳು.

ನೀನು ಬಂಗೂರನಗರಕ್ಕೆ ಗಂಡನ ಮನೆಗೆ ಹೋಗಿ ತಿಂಗಳಾಗುತ್ತ ಬಂತು. ಕಾಗದ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಏಳನೆಯ ಇಯತ್ತೆಯನ್ನು ಮೂರು ವರ್ಷ ಕಲಿತವನು ನಾನು, ಅಷ್ಟು ಆಳವಾಗಿ ಕಲಿತವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಆದರೂ ಈ ಸಲ ಪೆನ್ನಿಗೆ ಕೈ ಹೋಗಲಿಲ್ಲ.

ನಿಮ್ಮ ಅವ್ವ ಈಗ ಎರಡು ಹೊತ್ತು ಉಣ್ಣುತ್ತಾಳೆ. ಗೋವಿನಜೋಳ ಮನೆಗೆ ಬಂತು. ಟಿಬೆಟನ್ ಕಾಲೊನಿಯ ವ್ಯಾಪಾರಿ, ನಿಮ್ಮಂಥ ತೆನೆ ಯಾರ ಹೊಲದಲ್ಲೂ ಇಲ್ಲ ಎಂದ. ನಾನು ಹೇಳಿಸಿದ್ದಲ್ಲ.

ಸೂಪಾ ಡ್ಯಾಮಿನ ಕರೆಂಟು ನಮ್ಮ ತಲೆಯ ಮೇಲೆ ಹಾದು ಹೋಗುತ್ತದೆ, ನಮ್ಮ ಊರಿಗೆ ಮಾತ್ರ ಇಳಿಯುವುದಿಲ್ಲ ಎಂದು ತಾಲೂಕಿಗೆ ನಾಲ್ಕು ಸಲ ಹೋಗಿ ಜಗಳಾಡಿ, ದವಾಖಾನೆಯ ಮಾಳಿಗೆಗೆ ಸೋಲಾರ್ ಪ್ಲೇಟು ಹಾಕಿಸಿದವನು ನಾನೇ. ಆ ರಾತ್ರಿ ದವಾಖಾನೆಯ ದೀಪ ಹತ್ತಲಿಲ್ಲವೆಂದು ಈಗ ಅದನ್ನು ಕಿತ್ತುಹಾಕಬೇಕು ಎನ್ನುತ್ತಾರೆ. "ಬಿಸಲಿನ ಕರೆಂಟಿನ ಹಣೇಬರಾ ಇಷ್ಟ. ಬೇಕಾದ ಹೊತ್ತಿನ್ಯಾಗ ಕೈ ಕೊಡ್ತತಿ" ಎಂದು ಯಲ್ಲಪ್ಪ ಕಟ್ಟೆಯ ಮೇಲೆ ಕೂತು ಚುಚ್ಚಿದ. ನಾನು ಎದ್ದು ಮನೆಗೆ ಬಂದೆ.

ದೀಪ ನೋಡಿಕೊಳ್ಳಲಿಲ್ಲ ಎಂದು ನಮ್ಮ ಅಳಿಯಂದಿರು ವೀರೇಶ ಬರೆದ ಅರ್ಜಿಯ ಮೇಲೆ ನರ್ಸಬಾಯಿ ಸುಶೀಲವ್ವನ ಚೌಕಶಿ ನಡೆದಿದೆ. ಕೂಸು ಕಳೆದುಕೊಂಡವರು ಬರೆಯದೆ ಏನು ಮಾಡುತ್ತಾರೆ. ಇಪ್ಪತ್ನಾಲ್ಕಕ್ಕೆ ಸಾಹೇಬರು ಬರುತ್ತಾರೆ, ಅವಳ ನೌಕರಿ ಹೋಗುತ್ತದಂತೆ.

ಮೊನ್ನೆ ಬಾವಿಯ ಹತ್ತಿರ ಸಿಕ್ಕಿದ್ದಳು. "ಅಯ್ಯಾರ, ಕೂಸಿನ ಕೊರಳಿಗೆ ಹೊಕ್ಕಳ ಹುರಿ ಸುತ್ತಿತ್ರಿ. ಕತ್ತಲ್ಯಾಗ ಕಾಣಲಿಲ್ಲ. ಕಂದೀಲ ಬರೂದ್ರಾಗ ಎಲ್ಲಾ ಮುಗದಿತ್ತು. ನೀವರ ಖರೆ ಹೇಳ್ರಿ" ಎಂದಳು. ನಾನು ಅವಳ ಊರಿನ ಮಳೆಯ ಸುದ್ದಿ ಕೇಳಿ ಬಂದುಬಿಟ್ಟೆ.

ತಣ್ಣೀರಲ್ಲಿ ಕೈ ಹಾಕಬೇಡ, ಇನ್ನೂ ಹಸಿ ಮೈ. ಶಿವನು ನಿನ್ನ ಉಡಿಯನ್ನು ಮತ್ತೆ ತುಂಬಲಿ.

ಇಂತಿ ನಿನ್ನ ಕಾಕಾ,
ಅಡಿವೆಯ್ಯ

ತಾ.ಕ.: ಪ್ಲೇಟು ಕೆಟ್ಟಿರಲಿಲ್ಲ ಮಗಳೆ. ಮಹಾನವಮಿಗೆ ಊರವರೆಲ್ಲ ಕುಡುಗೋಲು, ಕೊಡಲಿ ಇಟ್ಟು ಖಂಡೇಪೂಜೆ ಮಾಡುವಾಗ, ನಾನು ತಂದ ದೇವರು ಬರಿಮೈಯಲ್ಲಿ ಇರಬಾರದೆಂದು ಮಾಳಿಗೆ ಏರಿ ಪ್ಲೇಟಿಗೆ ವಿಭೂತಿ ಹಚ್ಚಿ ಖಣದ ಬಟ್ಟೆ ಹೊದಿಸಿ ಕಟ್ಟಿದೆ. "ತಗೀರಿ ಅಯ್ಯಾರ, ಬ್ಯಾಟರಿ ತುಂಬೂದಿಲ್ಲ" ಎಂದು ಸುಶೀಲವ್ವ ಎರಡು ಸಲ ಹೇಳಿದಳು. "ಹೊಸ ದೇವರಿಗೆ ಐದು ದಿವಸ ಬಾಯಾರ, ನಿಮಗ ಶಾಸ್ತ್ರ ತಿಳಿಯಂಗಿಲ್ಲ" ಎಂದು ನಕ್ಕು ಏಣಿಯನ್ನೇ ನಮ್ಮ ಹಿತ್ತಲಿಗೆ ಹೊತ್ತು ತಂದೆ. ನಾಲ್ಕನೆಯ ಸಂಜೆ ನಿನಗೆ ಹೆರಿಗೆ ಬ್ಯಾನಿ ಬಂತು.

ನೀವೆಲ್ಲ ಅಳುತ್ತಿದ್ದಾಗ ನಾನು ಮೇಲೇರಿ ಖಣ ಬಿಚ್ಚಿ, ವಿಭೂತಿ ಒರೆಸಿದೆ. ಬೆಳಿಗ್ಗೆ ಸುಶೀಲವ್ವ ಖಣದ ಮಾತು ಹೇಳಿದಾಗ ಹಿರಿಯರು ಹತ್ತಿ ನೋಡಿದರು, ಏನೂ ಇರಲಿಲ್ಲ. ಪೂಜೆಯ ದಿನವೇ ಬಿಚ್ಚಿದ್ದೆ ಎಂದೆ. ನನ್ನನ್ನೇ ನಂಬಿದರು.

ನಾನೇ ಹೋಗಿ ಸಾಹೇಬರಿಗೆ ಹೇಳಬೇಕು. ಜಗಳಾಡಲು ನಾಲ್ಕು ಸಲ ಹೋದ ಕಾಲು ಈಗ ಊರ ಅಗಸಿ ದಾಟುತ್ತಿಲ್ಲ. ಇದನ್ನು ಅಳಿಯಂದಿರ ಕೈಗೆ ಕೊಡು, ಇಪ್ಪತ್ನಾಲ್ಕರೊಳಗೆ ಸಾಹೇಬರಿಗೆ ಮುಟ್ಟಲಿ. ಖಣವನ್ನೂ ಇದರಲ್ಲೇ ಮಡಚಿ ಇಟ್ಟಿದ್ದೇನೆ. ಕೂಸಿನ ತಲೆಗೆ ಕುಂಚಿಗೆ ಹೊಲಿಸಲೆಂದು ನೀನು ಆರಿಸಿದ ಹಸಿರು ಖಣವೇ ಅದು. ನಾಲ್ಕು ದಿನದ ಬಿಸಿಲಿಗೆ ಒಂದು ಮಗ್ಗುಲು ಬಣ್ಣ ಬಿಟ್ಟಿದೆ.