ಬಟಾಣಿಯ ತಲೆಯ ಮೇಲಿನ ಗೀರು

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೧, ಮಂಗಳವಾರ, ವಾರದ ರಜೆಯ ದಿನ

ಪ್ರೀತಿಯ ಮಗನೇ,

ಹೇಗಿದ್ದೀಯ? ಸೊಸೆಯ ಬೆನ್ನುನೋವು ಕಡಿಮೆಯಾಯಿತೇ? ಭಾರ ಎತ್ತುವ ಕೆಲಸವನ್ನು ನೀನೇ ಮಾಡು, ಅವಳ ಮೇಲೆ ಹಾಕಬೇಡ. ಪುಟ್ಟಜ್ಜಿ ಈಗಲೂ ಸೊಂಟದ ಮೇಲೆ ಕೈಯಿಟ್ಟುಕೊಂಡು ದೊಡ್ಡವರಿಗೆಲ್ಲ ಬುದ್ಧಿ ಹೇಳುತ್ತಾಳೆಯೇ? ಹತ್ತು ವರ್ಷದ ಹುಡುಗಿಗೆ ಆ ಹೆಸರಿಟ್ಟವನು ನಾನೇ, ಆದ್ದರಿಂದ ಅವಳು ಬೈದರೆ ನನ್ನ ಪಾಲಿನದನ್ನು ಇಲ್ಲಿಗೆ ಕಳಿಸು. ನಮ್ಮ ಬಟಾಣಿ ಹೇಗಿದ್ದಾನೆ? ಇನ್ನೂ ಬಟಾಣಿಯಷ್ಟೇ ಇದ್ದಾನೋ, ಸಿಪ್ಪೆ ಹರಿದುಕೊಂಡು ಬೆಳೆದಿದ್ದಾನೋ? ನಾನು ಚೆನ್ನಾಗಿದ್ದೇನೆ. ಮೊಣಕಾಲು ಸಂಜೆ ಹೊತ್ತಿಗೆ ಸ್ವಲ್ಪ ತಕರಾರು ಮಾಡುತ್ತದೆ. ನಲವತ್ತು ವರ್ಷ ಕುರ್ಚಿಯ ಸುತ್ತ ಪ್ರದಕ್ಷಿಣೆ ಹಾಕಿದ ಕಾಲು, ಅದಕ್ಕೂ ಮಾತಾಡುವ ಹಕ್ಕಿದೆ ಬಿಡು.

ನೀವು ಸುವಾರ್ತೆ ಸಾರಲು ಕಡಲಾಚೆಗೆ ಹೋಗಿ, ಬರುವ ಮೇ ತಿಂಗಳಿಗೆ ಐದು ವರ್ಷ. ಈ ಐದು ವರ್ಷ ನಿಮ್ಮ ಸುದ್ದಿ ನನಗೆ ಹೇಗೆ ಬರುತ್ತಿದೆ ಎಂಬುದು ನಿನಗೂ ಗೊತ್ತು. ಚರ್ಚಿನ ಸಭೆಯವರಿಗೆಲ್ಲ ಅಚ್ಚು ಹಾಕಿಸಿ ಹಂಚುವ ಪ್ರಾರ್ಥನಾ ಪತ್ರವೇ ನನಗೂ ಬರುತ್ತದೆ. 'ಪ್ರಿಯ ಸಹಭಾಗಿಗಳೇ' ಎಂದು ಶುರುವಾಗುತ್ತದೆ. ಮೊದಲ ಸಲ ಬಂದಾಗ ನನಗೆ ನಗು ಬಂತು. ಹೆತ್ತು, ಹೊತ್ತು, ನಿನ್ನ ಮೊದಲ ಕೂದಲು ತೆಗೆದು, ಶಾಲೆಗೆ ಸೇರಿಸಿದ ಮೇಲೆ ನಾನು ಕೊನೆಗೆ ನಿನ್ನ ಸಹಭಾಗಿಯಾದೆನಲ್ಲ ಎಂದು. ಆದರೂ ಅದನ್ನು ಕನ್ನಡಿಯ ಮೂಲೆಗೆ ಸಿಕ್ಕಿಸುತ್ತೇನೆ. ಬೆಂಚಿನ ಮೇಲೆ ಸರದಿ ಕಾಯುವವರು ಕೇಳಿದರೆ ಕತ್ತರಿ ಕೆಳಗಿಟ್ಟು ಗಟ್ಟಿಯಾಗಿ ಓದಿ ಹೇಳುತ್ತೇನೆ. ನಾನು ಓದುವಾಗ ನಡುನಡುವೆ ಸ್ವಲ್ಪ ಸೇರಿಸುವುದೂ ಉಂಟು. 'ತಾತನನ್ನು ಮಕ್ಕಳು ದಿನಾ ನೆನೆಸುತ್ತಾರೆ' ಎಂದು ನೀನು ಎಲ್ಲೂ ಬರೆದಿಲ್ಲ. ಅದು ನನ್ನದೇ ಸೇರ್ಪಡೆ. ಕತೆ ಕೇಳಿ ಬೆಳೆದ ಬಾಯಿ, ಸುಮ್ಮನಿರು ಎಂದರೆ ಇರುವುದಿಲ್ಲ.

ನನ್ನ ಗಿರಾಕಿಗಳಲ್ಲಿ ಎಲ್ಲರೂ ನಿನ್ನ ಪತ್ರ ನಂಬುವವರಲ್ಲ. ಹಡಗಣ್ಣನ ನೆನಪಿದೆಯಲ್ಲ, ಮೂವತ್ತು ವರ್ಷ ಸರಕಿನ ಹಡಗಿನಲ್ಲಿ ಅಡುಗೆ ಮಾಡಿದವನು, ಈಗ ತಲೆಯಲ್ಲಿ ಕೂದಲಿಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಬಂದು ಕೂರುತ್ತಾನೆ. ನೀವಿರುವ ಊರಿನ ಬಂದರಿನಲ್ಲಿ ಅವನ ಹಡಗು ಒಮ್ಮೆ ಕೆಟ್ಟು ಒಂಬತ್ತು ದಿನ ನಿಂತಿತ್ತಂತೆ. "ಭಾನುವಾರ ಬೆಳಿಗ್ಗೆ ಗಂಟೆ ಹೊಡೆದೂ ಹೊಡೆದೂ ನನ್ನ ನಿದ್ದೆ ಕೆಡಿಸಿದ ಊರದು. ಬೀದಿಗೊಂದು ಚರ್ಚಿದೆ. ನಮ್ಮದಕ್ಕಿಂತ ಹಳೇವು, ದೊಡ್ಡವು. ಅಲ್ಲಿಗೆ ನಿನ್ನ ಮಗ ಸುವಾರ್ತೆ ಹೊತ್ಕೊಂಡು ಹೋಗಿದ್ದಾನಲ್ಲ, ಸಮುದ್ರಕ್ಕೆ ನೀರಿನ ಟ್ಯಾಂಕರ್ ಕಳಿಸಿದ ಹಾಗಾಯ್ತು" ಎಂದು ಬೆಂಚೆಲ್ಲ ನಗುವಂತೆ ಹೇಳಿದ. ನಾನು ಅವನ ತಲೆಯನ್ನು ಬಲವಾಗಿ ಮುಂದಕ್ಕೆ ಬಗ್ಗಿಸಿ, "ಬಾಯಿ ಮುಚ್ಕೊಂಡಿರು, ಕಿವಿ ಹೋದೀತು" ಎಂದೆ. ಆಗ ನಿನ್ನ ಪರವಾಗಿ ನನ್ನ ಕೈಲಾದದ್ದು ಅಷ್ಟೇ. ಬಂದರು ಬೇರೆ, ಬೆಟ್ಟದ ಮೇಲಿನ ಹಳ್ಳಿ ಬೇರೆ, ಮಗ ಹಳ್ಳಿಯಲ್ಲಿ ಶಾಲೆ ಕಟ್ಟುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ಬುಧವಾರ ನಿನ್ನ ಹೊಸ ಪತ್ರ ಬಂತು. ಶಾಲೆಯ ಗೋಡೆ ಎದ್ದಿದೆ, ಚಾವಣಿಗೆ ನೆರವು ಬೇಕು ಎಂದು ಬರೆದಿದ್ದೀಯ. ಜೊತೆಗೊಂದು ಫೋಟೊ. ಇಟ್ಟಿಗೆ ರಾಶಿಯ ಮೇಲೆ ನಮ್ಮ ಬಟಾಣಿ ಪಕ್ಕಕ್ಕೆ ತಿರುಗಿ ನಿಂತಿದ್ದಾನೆ, ಹಿಂದೆ ನಾಲ್ಕೈದು ಮಕ್ಕಳ ಬೆನ್ನು ಕಾಣುತ್ತದೆ. ಕೆಳಗೆ 'ಕಳೆದ ತಿಂಗಳು, ನಮ್ಮ ಶಾಲೆಯ ಬಳಿ' ಎಂದು ಅಚ್ಚಾಗಿದೆ. ಮೊಮ್ಮಗನ ಮುಖ ನೋಡಿದ್ದೇ ಕುರ್ಚಿಯಲ್ಲಿದ್ದ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಕಿಟಕಿಯ ಬೆಳಕಿಗೆ ಹೋದೆ. ಆಮೇಲೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ.

ಹೋದ ವರ್ಷ ಜನವರಿಯಲ್ಲಿ ನೀವು ಬಂದಿದ್ದಿರಿ. ಎರಡು ತಿಂಗಳ ರಜೆ ಎಂದಿರಿ, ಆದರೆ ಊರೂರಿನ ಸಭೆಗಳಲ್ಲಿ ನಿಂತು ನೆರವು ಕೇಳುವುದರಲ್ಲೇ ಅದು ಕಳೆಯಿತು. ನನಗೆ ಸಿಕ್ಕಿದ್ದು ಹನ್ನೊಂದು ದಿನ. ಸಭೆಗಳಿಗೆ ಹೊರಡುವ ಹಿಂದಿನ ದಿನ ಬಟಾಣಿಯನ್ನು ಕುರ್ಚಿಯ ತೋಳಿನ ಮೇಲೆ ಹಲಗೆ ಹಾಕಿ ಕೂರಿಸಿ ಕೂದಲು ತೆಗೆದೆ. ಎಡಗಿವಿಯ ಮೇಲೆ ಮಿಷಿನ್ ಓಡಿಸುವಾಗ ಅವನು ಸೀನಿದ. ಒಂದು ಬೆರಳಗಲ ಗೀರು ಬಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಮೊಮ್ಮಗನ ತಲೆಯಲ್ಲೇ ಹೀಗಾಗಬೇಕೇ! ಸೊಸೆ ನೋಡಿದರೆ ಏನೆಂದಾಳೋ ಎಂದು, ಬೇಕೆಂದೇ ಮಾಡಿದ್ದೆಂದು ಕಾಣಲಿ ಎಂದು, ಬಲಗಿವಿಯ ಮೇಲೂ ಅಂಥದ್ದೇ ಒಂದು ಗೀರು ಎಳೆದು, ಎರಡನ್ನೂ ಹಿಂದಕ್ಕೆ ಓರೆಯಾಗಿ ತಿರುಗಿಸಿಬಿಟ್ಟೆ. ಅವನಿಗೆ ಖುಷಿಯೋ ಖುಷಿ. "ತಾತಾ, ನನ್ನ ತಲೇಲಿ ರಸ್ತೆ!" ಎಂದು ಬೀದಿಯೆಲ್ಲ ತೋರಿಸಿಕೊಂಡು ಬಂದ. ಬುದ್ಧಿಯಿರುವ ಯಾವ ಕ್ಷೌರಿಕನೂ ಅಂಥ ಕೆಲಸ ಮಾಡುವುದಿಲ್ಲ.

ಮಗಾ, ಫೋಟೊದಲ್ಲಿ ಬಟಾಣಿಯ ಕಿವಿಯ ಮೇಲೆ ಆ ಗೀರಿದೆ. ಹಿಂದಕ್ಕೆ ಓರೆಯಾಗಿ ತಿರುಗಿದ್ದು ಸಹ ಹಾಗೇ ಇದೆ. ಅಂಥ ಗೀರು ಹತ್ತು ದಿನಕ್ಕೆ ಮಸುಕಾಗುತ್ತದೆ, ಇಪ್ಪತ್ತು ದಿನಕ್ಕೆ ಮುಚ್ಚಿಹೋಗುತ್ತದೆ. ಇದರಲ್ಲಿ ಅಂಚು ಇನ್ನೂ ಹರಿತವಾಗಿದೆ, ನಾಲ್ಕೈದು ದಿನದ್ದು. ಅಂದರೆ ಆ ಫೋಟೊ ತೆಗೆದಾಗ ನೀವು ವಾಪಸು ಕಡಲು ದಾಟಿರಲೇ ಇಲ್ಲ. ಇಲ್ಲೇ ಯಾವುದೋ ಊರಿನಲ್ಲಿ, ಯಾರೋ ಮನೆ ಕಟ್ಟಿಸುತ್ತಿದ್ದ ಇಟ್ಟಿಗೆ ರಾಶಿಯ ಮೇಲೆ ನಿಲ್ಲಿಸಿ ತೆಗೆದಿದ್ದೀರಿ. ಬೇರೆಯವರು ಏನು ಹೇಳಿದ್ದರೂ ನಿನ್ನ ಪರವಾಗಿ ವಾದಿಸುತ್ತಿದ್ದೆ. ನನ್ನ ಕೈಕೆಲಸವೇ ಎದುರಿಗೆ ನಿಂತು ಮಾತಾಡಿದರೆ ಏನೆನ್ನಲಿ?

ಹಳೆಯ ಫೋಟೊ ತಪ್ಪಿ ಸೇರಿಕೊಂಡಿರಬಹುದು ಎಂದು ಒಂದು ದಿನವೆಲ್ಲ ಅಂದುಕೊಂಡೆ. ಗುರುವಾರ ಫೋನ್ ಮಾಡಿದೆ. ಸೊಸೆ ಎತ್ತಿದಳು, ನೀನು ಹೊರಗೆ ಹೋಗಿದ್ದೀಯ ಎಂದಳು. ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ಅಷ್ಟು ದೂರದ ಫೋನು, ಬಿಸಿಲು ವಿಚಾರಿಸಲಿಕ್ಕೆ!

ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಆದರೆ ಶನಿವಾರ ಇಸ್ತ್ರಿಯಕ್ಕ ಬಂದಳು. ಎದುರು ಸಾಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು, ಅಂಗಡಿಯ ಟವೆಲುಗಳನ್ನು ಒಗೆದು ಮಡಿಸಿ ಕೊಡುವವಳೂ ಅವಳೇ. ಎರಡು ವರ್ಷದಿಂದ ಅವಳ ಕಣ್ಣು ಮಂಜಾಗಿದೆ. ಕನ್ನಡಕಕ್ಕೆಂದು ಇಟ್ಟಿದ್ದನ್ನು ಮೊದಲ ಸಲ ನೀವು ನೆರವು ಕೇಳಿದ ಜೀಪಿಗೆ ಕೊಟ್ಟಳು, ಎರಡನೇ ಸಲ ಶಾಲೆಯ ಗೋಡೆಗೆ ಕೊಟ್ಟಳು. ಹೋದ ವಾರ ಯಾರದೋ ಮದುವೆಯ ಅಂಗಿಯ ಕಾಲರು ಕಾಣದೆ ಸುಟ್ಟಿದ್ದಾಳೆ, ಅವರ ಬಾಯಿಂದ ಬೈಸಿಕೊಂಡಿದ್ದಾಳೆ. ಟವೆಲಿನ ಗಂಟು ಇಟ್ಟು ಕೇಳಿದಳು: "ಅಣ್ಣಾ, ನಾಳೆ ಚಾವಣಿಗೆ ಎಷ್ಟು ಕೊಡ್ತೀವಿ ಅಂತ ಬರೆಯೋ ಚೀಟಿ ಹಂಚ್ತಾರಂತೆ. ಮೂರನೇ ಸಲಾನೂ ಕೂಡಿಟ್ಟಿದ್ದೀನಿ. ಕನ್ನಡಕ ಮಾಡಿಸ್ಲಾ, ಚಾವಣಿಗೆ ಕೊಡ್ಲಾ? ಪಾಸ್ಟರ್ ಮಾತು ಬೇಡ, ನೀವು ಹೇಳಿ. ನೀವು ಹೆತ್ತವರು, ನಿಮಗೆ ಗೊತ್ತಿರುತ್ತೆ." ನಾನು, "ನಾಳೆ ಸಭೆಯಲ್ಲಿ ಹೇಳ್ತೀನಿ ಅಕ್ಕಾ" ಎಂದೆ. ಒಂದು ದಿನದ ಬಿಡುವು ಸಿಕ್ಕಿತು, ಅಷ್ಟೇ.

ಭಾನುವಾರ ಪಾಸ್ಟರ್ ಎಂದಿನಂತೆ, "ನಮ್ಮ ಸೇವಕರ ತಂದೆಯವರು ಎರಡು ಮಾತು ಹೇಳ್ತಾರೆ" ಎಂದು ನನ್ನನ್ನು ಎಬ್ಬಿಸಿದರು. ಪ್ರತಿ ಸಲವೂ ಎದ್ದು, ಮಗ ಚಿಕ್ಕಂದಿನಲ್ಲೇ ಹೇಗೆ ದೇವಭಕ್ತನಾಗಿದ್ದ ಎಂದು ಒಂದು ಕತೆ ಹೇಳಿ ಎಲ್ಲರ ಕಣ್ಣು ಒದ್ದೆ ಮಾಡಿ ಕೂರುತ್ತಿದ್ದೆ. ಅದರಲ್ಲೂ ಅರ್ಧ ನನ್ನ ಸೇರ್ಪಡೆಯೇ, ನೀನು ಚಿಕ್ಕಂದಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಈ ಸಲ ಎದ್ದು ನಿಂತಾಗ ಎರಡನೇ ಸಾಲಿನಲ್ಲಿ ಇಸ್ತ್ರಿಯಕ್ಕ ಚೀಟಿಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದುಕೊಂಡಿದ್ದಳು. ನಾನು ಇಷ್ಟೇ ಹೇಳಿದೆ: "ನನ್ನ ಮಗನ ಮೇಲೆ ನನಗೆ ಪ್ರೀತಿಯಿದೆ. ಅವನ ಕೆಲಸವನ್ನು ನಾನು ಕಣ್ಣಾರೆ ನೋಡಿಲ್ಲ. ನೋಡದೇ ಇರೋದಕ್ಕೆ ಇಷ್ಟು ದಿನ ಸಾಕ್ಷಿ ಹೇಳಿದ್ದು ತಪ್ಪಾಯ್ತು." ಕೂತೆ. ಆಮೇಲೆ ಯಾರೋ ಗಡಿಬಿಡಿಯಲ್ಲಿ ಹಾಡು ಎತ್ತಿದರು, ಶ್ರುತಿ ಸೇರಲಿಲ್ಲ.

ಬಾಗಿಲಲ್ಲಿ ಪಾಸ್ಟರ್ ನನ್ನ ತೋಳು ಹಿಡಿದು, "ಹೀಗಾ ಮಾಡೋದು ಅಣ್ಣಾ? ಸ್ವಂತ ಮಗ ಅಲ್ವಾ?" ಎಂದರು. ಒಳ್ಳೆಯ ಮನುಷ್ಯ, ನಿಜಕ್ಕೂ ನೊಂದಿದ್ದರು. ತಮಾಷೆ ಕೇಳು, ಎಂದೂ ಬಿಡಿಗಾಸು ಬಿಚ್ಚದ ಹಡಗಣ್ಣ ಅವತ್ತು ಚೀಟಿ ತುಂಬಿಸಿ ಕೊಟ್ಟನಂತೆ. ಯಾಕೋ ಎಂದರೆ, "ಈ ಕಟ್ಟಡದಲ್ಲಿ ಸೇರಿಸದೇ ಹೇಳಿದ ಮಾತು ಮೊದಲ ಸಲ ಕೇಳ್ದೆ, ಅದಕ್ಕೆ ಕೊಟ್ಟೆ" ಎನ್ನುತ್ತಾನೆ. ಇಸ್ತ್ರಿಯಕ್ಕ ಮಾತ್ರ ಚೀಟಿಯನ್ನು ತುಂಬಲೂ ಇಲ್ಲ, ಹರಿಯಲೂ ಇಲ್ಲ. ಮಡಿಸಿ ಚೀಲದಲ್ಲಿಟ್ಟುಕೊಂಡು ಹೋದಳು. ನಿನ್ನೆ ಅಂಗಡಿಯ ಬೆಂಚು ಮಧ್ಯಾಹ್ನದವರೆಗೆ ಖಾಲಿಯಿತ್ತು. ಕೂದಲು ಎಲ್ಲರಿಗೂ ಬೆಳೆಯುತ್ತದೆ, ಬಂದೇ ಬರುತ್ತಾರೆ ಎಂದುಕೊಂಡು ಅದೇ ಕತ್ತರಿಯನ್ನು ಮೂರು ಸಲ ಸಾಣೆ ಹಿಡಿದೆ.

ಈಗ ನನ್ನ ಬಗ್ಗೆಯೂ ಒಂದು ಮಾತು ಬರೆಯಬೇಕು. ನೆರವು ನಿಂತರೆ ನೀವು ವಾಪಸು ಬರಬೇಕಾಗುತ್ತದೆ. ಅದು ನನಗೆ ಬೇಕು, ಬೇಡವೆಂದರೆ ಸುಳ್ಳಾಗುತ್ತದೆ. ನಿನ್ನ ಅಮ್ಮ ಹೋದ ಮೇಲೆ ಈ ಕೋಣೆಯಲ್ಲಿ ನಾನು ಮಾತಾಡುವುದು ರೇಡಿಯೊ ಜೊತೆಗೆ, ಅದೂ ಅದು ಕೆಟ್ಟಾಗ. ಹಾಗಾಗಿ ಭಾನುವಾರ ಎದ್ದು ನಿಂತದ್ದು ಅಕ್ಕನ ಕಣ್ಣಿಗಾಗಿಯೋ, ಮೊಮ್ಮಕ್ಕಳು ಮನೆಗೆ ಬರಲಿ ಎಂಬ ನನ್ನ ಆಸೆಗಾಗಿಯೋ ಎಂದು ನನ್ನನ್ನೇ ಕೇಳಿಕೊಂಡೆ. ಎರಡೂ ಒಂದಕ್ಕೊಂದು ಸಿಕ್ಕು ಬಿದ್ದಿವೆ, ಬಿಡಿಸಲು ಆಗುತ್ತಿಲ್ಲ. ನೀನು ಕಳ್ಳನೆಂದು ನಾನು ನಂಬುವುದಿಲ್ಲ. ಒಳ್ಳೆಯದು ಮಾಡಲೆಂದೇ ಹೋದೆ. ಹೋದ ಮೇಲೆ ಅಲ್ಲಿ ನಿನ್ನಿಂದ ಆಗಬೇಕಾದದ್ದು ಹೆಚ್ಚೇನೂ ಇಲ್ಲವೆಂದು ತಿಳಿದಿರಬಹುದು, ತಿಂಗಳು ತಿಂಗಳು ಇಲ್ಲಿನ ಸಭೆಯವರಿಗೆ ಏನಾದರೂ ತೋರಿಸಲೇಬೇಕು, ಬರಿಗೈಲಿ ಬರಲು ನಾಚಿಕೆ. ಹೀಗೇ ಇದ್ದರೆ ಹಾಗೆಂದು ಬರೆ. ಶಾಲೆ ನಿಜವಾಗಿ ಎದ್ದಿದ್ದರೆ ಅದನ್ನೂ ಬರೆ, ಸಭೆಯಲ್ಲಿ ಎದ್ದು ನಿಂತು ನಾನೇ ಕ್ಷಮೆ ಕೇಳುತ್ತೇನೆ. ಆದರೆ ಅಚ್ಚು ಹಾಕಿಸಬೇಡ, ಪೆನ್ನಿನಲ್ಲಿ ಬರೆ. ನನ್ನೊಬ್ಬನಿಗೇ ಬರೆ.

ಸೊಸೆಗೆ ಆಶೀರ್ವಾದ. ಪುಟ್ಟಜ್ಜಿಗೂ ಬಟಾಣಿಗೂ ತಾತನ ಮುದ್ದು. ಅವನ ತಲೆಯನ್ನು ಈಗ ಯಾರು ನೋಡಿಕೊಳ್ಳುತ್ತಾರೋ, ಅವರಿಗೆ ನನ್ನ ನಮಸ್ಕಾರ ಹೇಳು. ದೇವರು ನಿಮ್ಮನ್ನು ಆರೋಗ್ಯವಾಗಿಡಲಿ.

ಇಂತಿ ನಿನ್ನ ಅಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ಇಸ್ತ್ರಿಯಕ್ಕ ಬಂದಳು, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಚೀಟಿ ಎದುರಿಗಿಟ್ಟು, "ನೀವು ಸಭೆಗೆ ಹೇಳಿದ್ರಿ, ನನಗೆ ಹೇಳಿಲ್ಲ" ಎಂದಳು. ಇಲ್ಲವೆನ್ನಲು ಆಗಲಿಲ್ಲ ಮಗಾ, ಗೀರಿನ ವಿಷಯ ಹೇಳಿಬಿಟ್ಟೆ. ಬೈಯಲಿಲ್ಲ. ಫೋಟೊವನ್ನು ಮೂಗಿಗೆ ತಾಗಿಸಿಕೊಂಡು ಬಹಳ ಹೊತ್ತು ನೋಡಿ, "ನನಗೆ ಮಗು ಇರೋದೇ ಕಾಣ್ತಿಲ್ಲ ಅಣ್ಣಾ" ಎಂದಳು. ಈ ತಿಂಗಳ ಕೊನೆಯ ಭಾನುವಾರದವರೆಗೆ ಬಾಯಿ ಬಿಡುವುದಿಲ್ಲ, ಆಮೇಲೆ ಪಾಸ್ಟರನ್ನು ಕೇಳುತ್ತಾಳಂತೆ. ಕಾಗದ ತಲುಪಲು ಹನ್ನೆರಡು ದಿನ ಬೇಕೆಂದು ಅಂಚೆಯವನು ಹೇಳಿದ, ಅಂದರೆ ಆಮೇಲೆ ನಿನಗೆ ಒಂದು ವಾರವಿದೆ. ಅಷ್ಟರೊಳಗೆ ನೀನೇ ಪಾಸ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳು, ಬೇರೆಯವರ ಬಾಯಿಂದ ಹೊರಡುವುದು ಬೇಡ. ಹೇಳಿದ ಮೇಲೆ ನನಗೂ ಒಂದು ಫೋನ್ ಮಾಡು. ಬೈಯುವುದಕ್ಕಾದರೂ ಮಾಡು.