ನಲ್ಲಿ ಹತ್ತಿರದ ಸಾಲು

ದಿ ಪಾಂಡ್ಸ್, ಸಿಡ್ನಿ
ಭಾನುವಾರ

ಭಾಸ್ಕರಾ, ಅಕ್ಕನ ಆಶೀರ್ವಾದ.

ನಿನಗೆ ಸರ್ ಪದವಿ ಬಂತಂತೆ! ಕುಣಿಯೋಣ ಅಂದ್ರೆ ಹಾಳು ಮಂಡಿ ಬಿಡಲ್ಲ. ಇಲ್ಲೇ ಪ್ಯಾರಮಟ್ಟಾದಲ್ಲಿ ಕನ್ನಡ ಸಂಘದವರು ನಿನಗೆ ಸನ್ಮಾನ ಇಟ್ಟಿದ್ದಾರಲ್ಲ, ಅದಕ್ಕೆ ಬರೆದ ಪರಿಚಯಾನ ಮೊಮ್ಮಗಳು ಆದ್ಯಾ ಓದಿ ಹೇಳಿದಳು. ಇಂಗ್ಲೆಂಡಿನಲ್ಲಿ ಕೌನ್ಸಿಲರ್ ಆದಾಗ ನಿನ್ನ ಜನಸೇವೆ ಶುರುವಾಯ್ತಂತೆ, ಆಮೇಲೆ ಮೇಯರ್ ಆದೆಯಂತೆ. ಶುದ್ಧ ಸುಳ್ಳು! ಒಂಬತ್ತು ವರ್ಷಕ್ಕೇ ಬೀದಿ ನಲ್ಲಿ ಹತ್ತಿರ ಕಲ್ಲು ಹತ್ತಿ, ಕಿತ್ತಾಡೋ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದವನು ನೀನು. ಸ್ವಂತ ಅಕ್ಕ ಅಂತಲೂ ನೋಡದೆ ನನ್ನನ್ನ ಕೊನೆಗೆ ಕಳಿಸಿದೆ. ನನ್ನ ಸರದಿ ಬರುವಷ್ಟರಲ್ಲಿ ನೀರು ನಿಂತುಹೋಯ್ತು. ಆ ಸಿಟ್ಟಿಗೆ ನಿನಗೆ ಬಾರಿಸಿದ್ದೆ, ನೆನಪಿದೆಯಾ?

ಇದನ್ನ ವೇದಿಕೆ ಮೇಲೆ ನಾನೇ ಹೇಳಬೇಕು. ಸಂಘದವರು ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳು ಬೇಡ, ಯಾರೋ ಡಾಕ್ಟರ್ ಮಾತಾಡ್ತಾರೆ ಅಂತಾರೆ. ಇವತ್ತೇ ಅವರಿಗೆ ಫೋನ್ ಮಾಡು. ಈ ಸಲ ನನ್ನನ್ನ ಸಾಲಿನ ಮುಂದೆ ನಿಲ್ಲಿಸು.

ಅವತ್ತು ಖಾಲಿ ಬಿಂದಿಗೆ ತಂದ
ನಿನ್ನ ಅಕ್ಕ ಅನಸೂಯಾ